ಒಂದು ಸೇರು ಅಂದ್ರೆ ಒಂದು ಕೆಜಿನಾ? ವಾಟ್ಸಾಪ್‌ನಲ್ಲಿ ಓಡಾಡುವ 'ಅಜ್ಜಿ ಕಾಲದ ಅಳತೆ' ಪಟ್ಟಿಯಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

"ನಮ್ಮ ಹಿರಿಯರ ಅಳತೆಗಳು, ನಿಮ್ಮ ಮಕ್ಕಳಿಗೂ ಕಲಿಸಿ, ಹತ್ತು ಜನರಿಗೆ ಕಳಿಸಿ" ಎಂಬ ತಲೆಬರಹದ ಒಂದು ಪಟ್ಟಿ ಆಗಾಗ ನಮ್ಮ ವಾಟ್ಸಾಪ್ ನಂಬರಿಗೂ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು:

1 ತೊಲ = 10 ಗ್ರಾಂ
80 ತೊಲ = 1 ಸೇರು
1 ಸೇರು = 1 ಕೆಜಿ = 1 ಲೀಟರ್
40 ಸೇರು = 1 ಮಣ
20 ಕೊಳಗ = 1 ಖಂಡುಗ

ನೋಡಲು ಚಂದ ಇದೆ. ಹಳೆಯ ಮಾತುಗಳು ಉಳಿಯಲಿ ಎಂಬ ಪ್ರೀತಿಯಿಂದಲೇ ಜನ ಇದನ್ನು ಹಂಚುತ್ತಾರೆ. ಆದರೆ ಈ ಪಟ್ಟಿಯನ್ನು ನಂಬಿ ಲೆಕ್ಕ ಹಾಕಿದರೆ ಏನಾಗುತ್ತದೆ ಎಂಬುದು ಹಳೇ ಹುಬ್ಬಳ್ಳಿಯಿಂದ ಬಂದ ಒಂದು ವಾಯ್ಸ್ ಮೆಸೇಜ್‌ನಿಂದ ನಮಗೆ ಗೊತ್ತಾಯಿತು.

ಸಿದ್ಧಾರೂಢ ಮಠದ ಸಮೀಪ ಇರುವ ಓದುಗರೊಬ್ಬರು ಕೇಳಿದ್ದರು: "ನಮ್ಮ ಭಾವನವರು ಊರಿಂದ ವರ್ಷದ ಜ್ವಾಳ ಕಳಿಸ್ಯಾರ್ರೀ. ನೂರು ಸೇರು ಅಳದು ಕಟ್ಟೀನಿ ಅಂದ್ರು. ಇಲ್ಲಿ ಗಿರಣ್ಯಾಗ ತೂಕ ಹಾಕಿಸಿದ್ರ ಎಂಬತ್ತೊಂದೂವರಿ ಕೆಜಿ ಬಂತು. ಸೇರಿಗೆ ಒಂದು ಕೆಜಿ ಅಂತ ಈ ಮೆಸೇಜ್‌ನ್ಯಾಗ ಐತಲ್ರೀ, ಹಂಗಾರ ಹದಿನೆಂಟೂವರಿ ಕೆಜಿ ಎಲ್ಲಿ ಹೋತು? ನಮ್ಮನಿಯವರು ಅಣ್ಣಗ ಫೋನ್ ಮಾಡೂದ ಬಿಟ್ಟಾರ. ನಮ್ಮ ಭಾವನವರು ಅಂಥವರಲ್ರೀ. ಖರೇ ಏನದ ಹೇಳ್ರಿ."

ಖರೇ ಏನಿದೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಪಟ್ಟಿಯ ಒಳಗಿನ ತಪ್ಪು

ಈ ಫಾರ್ವರ್ಡ್ ತಪ್ಪು ಎಂದು ಹೇಳಲು ಪುಸ್ತಕ ತೆಗೆಯುವುದೇ ಬೇಡ, ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ತೊಲಕ್ಕೆ 10 ಗ್ರಾಂ, ಸೇರಿಗೆ 80 ತೊಲ ಎಂದರೆ ಒಂದು ಸೇರು 800 ಗ್ರಾಂ ಆಗಬೇಕು. ಆದರೆ ಅದರ ಮುಂದಿನ ಸಾಲೇ ಸೇರು ಅಂದರೆ 1 ಕೆಜಿ, ಅಂದರೆ 1000 ಗ್ರಾಂ ಎನ್ನುತ್ತದೆ. ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ.

ಹಾಗಾದರೆ ಸರಿ ಯಾವುದು? ಬ್ರಿಟಿಷರ ಕಾಲದಲ್ಲಿ ಪ್ರಮಾಣಿತವಾದ ತೊಲ 180 ಗ್ರೇನ್, ನಮ್ಮ ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಅಂಥ 80 ತೊಲ ಸೇರಿದರೆ 933 ಗ್ರಾಂ. ದೇಶದಲ್ಲಿ ಮೆಟ್ರಿಕ್ ಪದ್ಧತಿ ತಂದ 1956ರ ತೂಕ ಮತ್ತು ಅಳತೆ ಕಾಯ್ದೆಯೂ ತೂಕದ ಸೇರನ್ನು 0.93310 ಕೆಜಿ ಎಂದೇ ಲೆಕ್ಕಕ್ಕೆ ಹಿಡಿಯಿತು. 40 ಸೇರಿನ ಮಣ 37.3 ಕೆಜಿ ಆಗುವುದು ಹೀಗೆ.

ಇವತ್ತು ಬಂಗಾರದ ಅಂಗಡಿಯಲ್ಲಿ "ತೊಲ" ಎಂದರೆ 10 ಗ್ರಾಂ ಎಂದೇ ವಾಡಿಕೆ. ಅದು ಮೆಟ್ರಿಕ್ ಬಂದ ಮೇಲೆ ಲೆಕ್ಕ ಸುಲಭವಾಗಲೆಂದು ಜನರೇ ಮಾಡಿಕೊಂಡ ಹೊಸ ತೊಲ. ಅಜ್ಜಿಯ ಹಳೆಯ ಚೀಟಿಯಲ್ಲಿ "ಐದು ತೊಲ" ಎಂದು ಬರೆದಿದ್ದರೆ ಅದು 58 ಗ್ರಾಂ ಇರಬಹುದು, 50 ಗ್ರಾಂ ಅಲ್ಲ. ಎಂಟು ಗ್ರಾಂ ಬಂಗಾರ ಅಂದರೆ ಸಣ್ಣ ವ್ಯತ್ಯಾಸ ಅಲ್ಲವಲ್ಲ. ಅಂಗಡಿಗೆ ಹೋದಾಗ ತೊಲದ ಮಾತು ಬಿಟ್ಟು ಗ್ರಾಂ ಕೇಳಿ, ಬಿಲ್ಲಿನಲ್ಲಿ ಗ್ರಾಂ ಬರೆಸಿ.

ಸೇರು ಎರಡು: ಒಂದು ತೂಗುವುದು, ಇನ್ನೊಂದು ಅಳೆಯುವುದು

ಗೊಂದಲದ ಬೇರು ಇಲ್ಲಿದೆ. "ಸೇರು" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿದ್ದವು. ತಕ್ಕಡಿಯಲ್ಲಿ ಇಡುವ ಸೇರಿನ ಕಲ್ಲು ತೂಕದ ಅಳತೆ. ಕಾಳು ತುಂಬಿ ಸುರಿಯುವ ಹಿತ್ತಾಳೆ ಅಥವಾ ಕಬ್ಬಿಣದ ಪಾತ್ರೆಯೂ ಸೇರೇ, ಆದರೆ ಅದು ಜಾಗದ ಅಳತೆ, ಅಂದರೆ ಪಾತ್ರೆಯ ಒಳಗೆ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ. ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ ಇಂಥವನ್ನು ತೂಗುತ್ತಿದ್ದರು. ಜೋಳ, ಅಕ್ಕಿ, ಬೇಳೆ, ಹಾಲು, ಎಣ್ಣೆಗಳನ್ನು ಅಳೆಯುತ್ತಿದ್ದರು.

ಸೇರಿನ ಒಳಗಿನ ಭಾಗಗಳು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ರೀತಿ ಒಡೆಯುತ್ತವೆ. ಸೇರಿನ ಅರ್ಧ ಅಚ್ಚೇರು. ಅದರ ಅರ್ಧ, ಅಂದರೆ ಸೇರಿನ ಕಾಲು ಭಾಗ, ಪಾವು. ಪಾವಿನ ಅರ್ಧ ಅರಪಾವು. ಅದರ ಅರ್ಧ ಚಟಾಕು. ಹೀಗೆ 16 ಚಟಾಕು ಸೇರಿದರೆ ಒಂದು ಸೇರು. ಪ್ರತಿ ಸಲ ಅರ್ಧ ಅರ್ಧ ಮಾಡುತ್ತಾ ಹೋಗುವುದರಿಂದ ಓದು ಬರಹ ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಇವತ್ತಿಗೂ ಹುಬ್ಬಳ್ಳಿಯ ಸಂತೆಯಲ್ಲಿ 250 ಗ್ರಾಂ ಬದನೆಕಾಯಿಗೆ "ಪಾವ್ ಕಿಲೋ" ಎನ್ನುತ್ತಾರಲ್ಲ, ಆ ಪಾವು ಇದೇ. ಸೇರು ಹೋಗಿ ಕಿಲೋ ಬಂದರೂ ಕಾಲುಭಾಗದ ಹೆಸರು ಹಾಗೇ ಉಳಿಯಿತು.

ಆದರೆ ಆ ಒಂದು ಸೇರು ಎಷ್ಟು ದೊಡ್ಡದು ಎಂಬುದು ಊರಿಂದೂರಿಗೆ ಬೇರೆ.

ಒಂದೇ ರಾಜ್ಯ, ಹಲವು ಸೇರು

ಯಾಕೆ ಬೇರೆ ಎಂದರೆ, 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಒಂದೇ ಆಡಳಿತದಲ್ಲಿ ಇರಲಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು. ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮರ ಕೆಳಗಿದ್ದವು. ಮೈಸೂರು ಅರಸರದು ಬೇರೆ, ಕೊಡಗು ಬೇರೆ. ಆಡಳಿತ ಬೇರೆಯಾದರೆ ಅಳತೆಯೂ ಬೇರೆ.

ಇದಕ್ಕೆ ಮಣವೇ ಒಳ್ಳೆಯ ಉದಾಹರಣೆ. ಬ್ರಿಟಿಷರ ಲೆಕ್ಕದ ಪುಸ್ತಕಗಳಲ್ಲಿ ಬಂಗಾಳದ ಮಣ 82 ಪೌಂಡಿಗಿಂತ ಸ್ವಲ್ಪ ಹೆಚ್ಚು, ಅಂದರೆ 37.3 ಕೆಜಿ. ಮುಂಬೈ ಮಣ 28 ಪೌಂಡ್, ಅಂದರೆ 12.7 ಕೆಜಿ. ಮದ್ರಾಸ್ ಮಣ 25 ಪೌಂಡ್, 11.3 ಕೆಜಿ. ಮೂರಕ್ಕೂ ಹೆಸರು ಮಣವೇ! ಮುಂಬೈ ಮಣಕ್ಕೂ 40 ಸೇರೇ ಇದ್ದದ್ದರಿಂದ ಅಲ್ಲಿನ ತೂಕದ ಸೇರು ಸುಮಾರು 318 ಗ್ರಾಂ ಮಾತ್ರ. ಅಂದರೆ 933 ಗ್ರಾಂನ ಸೇರಿನ ಮೂರನೇ ಒಂದು ಭಾಗ. ಹಿರಿಯರು "ಕಚ್ಚಾ ಸೇರು", "ಪಕ್ಕಾ ಸೇರು" ಎಂದು ಬಿಡಿಸಿ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಕಚ್ಚಾ ಸೇರು ಚಿಕ್ಕದು, ಪಕ್ಕಾ ಸೇರು ದೊಡ್ಡದು.

ದೊಡ್ಡ ಅಳತೆಗಳದ್ದೂ ಇದೇ ಕಥೆ. ಹಳೇ ಮೈಸೂರು ಮತ್ತು ಮಲೆನಾಡಿನಲ್ಲಿ ಸೇರಿನ ಮೇಲೆ ಬಳ್ಳ, ಅದರ ಮೇಲೆ ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಫಾರ್ವರ್ಡ್‌ನ ಕೊನೆಯ ಸಾಲು ಈ ಮಟ್ಟಿಗೆ ಸರಿ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರೆ ಒಂದೂರಲ್ಲಿ ಎಂಟು, ಇನ್ನೊಂದೂರಲ್ಲಿ ಹದಿನಾರು. ಕರಾವಳಿಗೆ ಹೋದರೆ ಹುಲ್ಲಿನಲ್ಲಿ ಸುತ್ತಿದ ಅಕ್ಕಿಮುಡಿ, ಹಾಲಿಗೆ ಕುಡ್ತೆ. ಖಂಡುಗ ಅನ್ನುವುದು ಕಾಳಿನ ಅಳತೆಯಷ್ಟೇ ಅಲ್ಲ, ಒಂದು ಖಂಡುಗ ಬೀಜ ಬಿತ್ತುವಷ್ಟು ಜಮೀನಿಗೂ ಅದೇ ಹೆಸರು. ಗದ್ದೆಯ ಖಂಡುಗವೂ ಒಣಭೂಮಿಯ ಖಂಡುಗವೂ ಒಂದೇ ವಿಸ್ತೀರ್ಣ ಅಲ್ಲ. ಹೀಗಿರುವಾಗ ಹಳೆಯ ಕಾಗದದಲ್ಲಿ ಖಂಡುಗ ಎಂದು ಕಂಡರೆ ಫಾರ್ವರ್ಡ್ ನೋಡಿ ಎಕರೆ ಲೆಕ್ಕ ಹಾಕಬೇಡಿ. ಸರ್ವೆ ದಾಖಲೆಯಲ್ಲಿ ಇರುವ ಎಕರೆ, ಗುಂಟೆಯೇ ನಿಮ್ಮ ಲೆಕ್ಕ.

ಈ ಗೋಜಲು ಬಿಡಿಸಲೆಂದೇ 1956ರ ಡಿಸೆಂಬರ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. 1958ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಕಿಲೋ, ಲೀಟರ್, ಮೀಟರ್ ಜಾರಿಗೆ ಬಂದವು. ಕರ್ನಾಟಕ ಒಂದಾದ ವರ್ಷವೇ ಅಳತೆಯೂ ಒಂದಾಗುವ ದಾರಿ ಹಿಡಿಯಿತು.

ಒಂದು ಲೀಟರ್ = ಒಂದು ಕೆಜಿ: ಇದು ನೀರಿಗೆ ಮಾತ್ರ

ಈಗ ಮುಖ್ಯ ಪ್ರಶ್ನೆ. ಊರಿನ ಸೇರು ಸರಿಯಾಗಿ ಒಂದು ಲೀಟರಿನದೇ ಎಂದು ಇಟ್ಟುಕೊಳ್ಳೋಣ. ಆಗಲಾದರೂ ಒಂದು ಸೇರು ಜೋಳ ಒಂದು ಕೆಜಿ ತೂಗಬೇಕಲ್ಲವೇ?

ಇಲ್ಲ. ಲೀಟರ್ ಮತ್ತು ಕೆಜಿ ಒಂದಕ್ಕೊಂದು ಸರಿಹೊಂದುವುದು ನೀರಿನ ವಿಷಯದಲ್ಲಿ. ಅದು ಆಕಸ್ಮಿಕ ಅಲ್ಲ. 1795ರಲ್ಲಿ ಫ್ರಾನ್ಸಿನವರು ಗ್ರಾಂ ಎಂಬ ತೂಕವನ್ನು ಗೊತ್ತುಮಾಡಿದ್ದೇ ನೀರಿನಿಂದ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಒಂದು ಗ್ರಾಂ. ಅಂಥ ಸಾವಿರ ಸೇರಿದರೆ ಒಂದು ಲೀಟರ್, ಒಂದು ಕೆಜಿ. ಬೇರೆ ಯಾವುದಕ್ಕೂ ಈ ನಿಯಮ ನಡೆಯುವುದಿಲ್ಲ. ಒಂದು ಲೀಟರ್ ಪಾತ್ರೆಯಲ್ಲಿ ಕಂಠಮಟ್ಟ ತುಂಬಿದರೆ ಸುಮಾರಾಗಿ ಹೀಗೆ ತೂಗುತ್ತದೆ:

ಜೇನುತುಪ್ಪ: 1 ಕೆಜಿ 400 ಗ್ರಾಂ
ಹಾಲು: 1 ಕೆಜಿ 30 ಗ್ರಾಂ
ನೀರು: 1 ಕೆಜಿ
ಅಡುಗೆ ಎಣ್ಣೆ: 910ರಿಂದ 920 ಗ್ರಾಂ
ಅಕ್ಕಿ: 800 ಗ್ರಾಂ
ಜೋಳ: 750 ಗ್ರಾಂ
ಹಿಟ್ಟು: 500ರಿಂದ 600 ಗ್ರಾಂ
ಚುರುಮುರಿ: 100 ಗ್ರಾಂಗಿಂತಲೂ ಕಡಿಮೆ

ಚುರುಮುರಿಯನ್ನು ನೋಡಿದರೆ ಎಲ್ಲ ಅರ್ಥವಾಗುತ್ತದೆ. ಗಿರ್ಮಿಟ್ ಮಾಡಲು ಒಂದು ಸೇರು ಚುರುಮುರಿ ತಂದವರು ಯಾರಾದರೂ ಒಂದು ಕೆಜಿ ಹೊತ್ತುಕೊಂಡು ಬಂದಿದ್ದಾರೆಯೇ?

ಇಲ್ಲಿ ಒಂದು ಸೋಜಿಗ ಇದೆ. ಜೋಳದ ಕಾಳನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಅಂದರೆ ಕಾಳು ನೀರಿಗಿಂತ ಭಾರ. ಆದರೆ ಒಂದು ಸೇರು ಜೋಳ ಒಂದು ಸೇರು ನೀರಿಗಿಂತ ಹಗುರ! ಕಾರಣ ಗಾಳಿ. ಗುಂಡಗಿನ ಕಾಳುಗಳನ್ನು ಪಾತ್ರೆಗೆ ಸುರಿದರೆ ಅವು ನೂರರಲ್ಲಿ ಸುಮಾರು 60 ಭಾಗ ಜಾಗ ಮಾತ್ರ ತುಂಬುತ್ತವೆ. ಉಳಿದ 40 ಭಾಗ ಕಾಳಿನ ಸಂದಿಯ ಗಾಳಿ. ಪಾತ್ರೆಯನ್ನು ಕುಲುಕಿ, ನೆಲಕ್ಕೆ ಕುಟ್ಟಿದರೆ ಕಾಳು ಒತ್ತಾಗಿ ಕೂತು ಹೆಚ್ಚೆಂದರೆ 64 ಭಾಗದ ತನಕ ಹೋಗುತ್ತದೆ. ಅಂದರೆ ಕುಲುಕಿ ಅಳೆದರೆ ಅದೇ ಸೇರಿಗೆ ಐದಾರು ಪಾಲು ಹೆಚ್ಚು ಕಾಳು ಹಿಡಿಯುತ್ತದೆ.

ಗೋಪುರ ಕಟ್ಟಿ ಅಳೆದರೆ?

ಕಣದಲ್ಲಿ ಅಳೆಯುವುದನ್ನು ನೋಡಿದವರಿಗೆ ಗೊತ್ತು. ಸೇರನ್ನು ರಾಶಿಗೆ ನುಗ್ಗಿಸಿ, ಮೇಲೆ ಕಾಳು ಗೋಪುರದಂತೆ ನಿಂತು ಸುತ್ತ ಉದುರುವ ತನಕ ತುಂಬಿ ಎತ್ತುತ್ತಾರೆ. ಅಂಗಡಿಯಲ್ಲಿ ಮಾತ್ರ ಕೈಯಿಂದಲೋ ಕೋಲಿನಿಂದಲೋ ಮೇಲೆ ಸವರಿ ಕಂಠಮಟ್ಟ ಮಾಡುತ್ತಾರೆ. ಈ ಎರಡರ ನಡುವೆ ಎಷ್ಟು ವ್ಯತ್ಯಾಸ?

ಅದು ಪಾತ್ರೆಯ ಬಾಯಿಯ ಅಗಲದ ಮೇಲೆ ನಿಂತಿದೆ. ಒಂದೇ ಲೀಟರ್ ಹಿಡಿಯುವ ಎರಡು ಪಾತ್ರೆ ತೆಗೆದುಕೊಳ್ಳಿ. ಒಂದರ ಬಾಯಿ 8 ಸೆಂಟಿಮೀಟರ್, ಎತ್ತರದ ಪಾತ್ರೆ. ಇನ್ನೊಂದರ ಬಾಯಿ 12 ಸೆಂಟಿಮೀಟರ್, ಗಿಡ್ಡ ಪಾತ್ರೆ. ಕಾಳಿನ ರಾಶಿ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದು ಹಿಡಿದರೆ, ಮೊದಲನೆಯದರ ಗೋಪುರದಲ್ಲಿ ಹೆಚ್ಚುವರಿ ಕಾಳು ನೂರಕ್ಕೆ 4 ಪಾಲು. ಎರಡನೆಯದರಲ್ಲಿ ನೂರಕ್ಕೆ 13 ಪಾಲು. ಕೊಳ್ಳುವಾಗ ಗೋಪುರ ಕಟ್ಟಿ, ಮಾರುವಾಗ ಸವರಿ ಅಳೆಯುವವನಿಗೆ ಅಗಲ ಬಾಯಿಯ ಸೇರು ಯಾಕೆ ಇಷ್ಟ ಎಂದು ಈಗ ಗೊತ್ತಾಯಿತಲ್ಲ. ರೈತನ ಕಾಳು ನೂರು ಸೇರಿಗೆ ಹದಿಮೂರು ಸೇರು ಸುಮ್ಮನೆ ಹೋಗುತ್ತಿದ್ದ ದಾರಿ ಇದು. ಅಮರಗೋಳದ ಎಪಿಎಂಸಿಯಂಥ ಮಾರುಕಟ್ಟೆಗಳಲ್ಲಿ ಇವತ್ತು ಕಾಳನ್ನು ಅಳೆಯದೆ ತೂಗುವುದು ರೈತನಿಗೆ ಯಾಕೆ ಒಳ್ಳೆಯದು ಎಂಬುದಕ್ಕೂ ಉತ್ತರ ಇದೇ. ತಕ್ಕಡಿಗೆ ಗೋಪುರವೂ ಗೊತ್ತಿಲ್ಲ, ಗಾಳಿಯೂ ಗೊತ್ತಿಲ್ಲ.

ಎಣ್ಣೆ ಪಾಕೀಟಿನ 'ಮೋಸ'ದ ವಿಡಿಯೋ

ಇದೇ ತಪ್ಪು ಲೆಕ್ಕದಿಂದ ಹುಟ್ಟಿದ ಇನ್ನೊಂದು ಫಾರ್ವರ್ಡ್ ಇದೆ. ಒಂದು ಲೀಟರ್ ಎಣ್ಣೆ ಪಾಕೀಟನ್ನು ತಕ್ಕಡಿಗೆ ಇಟ್ಟು, "ನೋಡಿ, 90 ಗ್ರಾಂ ಕಡಿಮೆ ಇದೆ, ಕಂಪನಿ ಮೋಸ" ಎನ್ನುವ ವಿಡಿಯೋ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಅದು ನೀರಿನ ಮೇಲೆ ತೇಲುತ್ತದೆ. ಒಂದು ಲೀಟರ್ ಎಣ್ಣೆ ತೂಗುವುದೇ 910 ಗ್ರಾಂ ಆಸುಪಾಸು. ಪಾಕೀಟಿನ ಮೇಲೆ ಲೀಟರ್ ಪಕ್ಕದಲ್ಲಿ ಗ್ರಾಂ ಕೂಡ ಬರೆದಿರುತ್ತಾರೆ, ನೋಡಿ. ಇದು ಮೋಸ ಅಲ್ಲ.

ಆದರೆ ಎಣ್ಣೆಯಲ್ಲಿ ನಿಜವಾಗಿ ನೋಡಬೇಕಾದ ವಿಷಯ ಬೇರೆ ಇದೆ. ಎಣ್ಣೆ ಕಾಯಿಸಿದಷ್ಟೂ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 892 ಗ್ರಾಂ ಮಾತ್ರ. ಕೆಲವು ತಯಾರಕರು ಹೆಚ್ಚು ಉಷ್ಣತೆಯ ಲೆಕ್ಕ ಹಾಕಿ ಕಡಿಮೆ ಗ್ರಾಂ ತುಂಬಿ ಲೀಟರ್ ಎಂದು ಬರೆಯುತ್ತಿದ್ದರು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಉಷ್ಣತೆಯ ಮಾತು ತೆಗೆದು ನಿವ್ವಳ ಪ್ರಮಾಣ ಬರೆಯುವಂತೆ ಸೂಚಿಸಿತು. ಹಾಗಾಗಿ ಎರಡು ಪಾಕೀಟಿನ ಬೆಲೆ ಹೋಲಿಸುವಾಗ ಲೀಟರ್ ನೋಡಬೇಡಿ, ಗ್ರಾಂ ನೋಡಿ. ಹಾಗೆಯೇ ಕೆಜಿ ಲೆಕ್ಕದ ಎಣ್ಣೆಗೂ ಲೀಟರ್ ಲೆಕ್ಕದ ಎಣ್ಣೆಗೂ ಒಂದೇ ದರ ಇದ್ದರೆ ಕೆಜಿಯೇ ಲಾಭ. ಒಂದು ಕೆಜಿ ಎಣ್ಣೆ ಅಂದರೆ ಸುಮಾರು 1.1 ಲೀಟರ್.

ಔಷಧದಲ್ಲಿ ಅಂದಾಜು ಬೇಡ

ಅಡುಗೆಯಲ್ಲಿ ಪಾವು, ಹಿಡಿ, ಚಿಟಿಕೆ ಯಾವುದಾದರೂ ನಡೆಯುತ್ತದೆ. ಒಂದೇ ಪಾವಿನಲ್ಲಿ ಅಕ್ಕಿಯನ್ನೂ ನೀರನ್ನೂ ಅಳೆದರೆ ಪಾವು ಎಷ್ಟು ದೊಡ್ಡದಿದ್ದರೂ ಅನ್ನ ಸರಿಯಾಗಿಯೇ ಆಗುತ್ತದೆ. ಆದರೆ ಮಕ್ಕಳ ಔಷಧದಲ್ಲಿ ಹೀಗೆ ಮಾಡಬೇಡಿ. ವಾಂತಿ ಭೇದಿ ಆದಾಗ ಮನೆಯಲ್ಲೇ ಮಾಡುವ ಉಪ್ಪು ಸಕ್ಕರೆ ನೀರಿನ ಲೆಕ್ಕ ಒಂದು ಲೀಟರ್ ಶುದ್ಧ ನೀರಿಗೆ 6 ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಹಾ ಚಮಚ ಅಂದರೆ 5 ಎಂಎಲ್. "ಒಂದು ತಂಬಿಗೆ ನೀರಿಗೆ ಒಂದು ಚಮಚ ಉಪ್ಪು" ಎಂಬಂಥ ಫಾರ್ವರ್ಡ್ ನಂಬಬೇಡಿ. ತಂಬಿಗೆ ಅರ್ಧ ಲೀಟರಿನದಾಗಿದ್ದರೆ ಉಪ್ಪು ನಾಲ್ಕು ಪಟ್ಟು ಆಗುತ್ತದೆ, ಅದು ಮಗುವಿಗೆ ಅಪಾಯ. ಓಆರ್‌ಎಸ್ ಪಾಕೀಟು ಸಿಕ್ಕರೆ ಅದೇ ಉತ್ತಮ. ಆದರೆ ಕೆಲವು ಪಾಕೀಟು ಒಂದು ಲೀಟರಿಗೆ, ಕೆಲವು 200 ಎಂಎಲ್‌ಗೆ. ಮೇಲೆ ಬರೆದಷ್ಟೇ ನೀರು ಹಾಕಿ. ಸಿರಪ್‌ಗೆ ಬಾಟಲಿ ಜೊತೆ ಬಂದ ಮುಚ್ಚಳದ ಅಳತೆ ಬಳಸಿ, ಮನೆಯ ಚಮಚ ಬೇಡ.

ನಿಮ್ಮ ಮನೆಯ ಸೇರು ಎಷ್ಟು? ಐದು ನಿಮಿಷದ ಕೆಲಸ

ಅಟ್ಟದ ಮೇಲೆ ಅಜ್ಜಿಯ ಸೇರೋ ಪಾವೋ ಇದ್ದರೆ ಇಳಿಸಿ. ಒಂದು ಡಿಜಿಟಲ್ ತಕ್ಕಡಿ ಸಾಕು.

1. ಖಾಲಿ ಪಾತ್ರೆ ತೂಗಿ, ಬರೆದಿಟ್ಟುಕೊಳ್ಳಿ.
2. ಕಂಠಮಟ್ಟ ನೀರು ತುಂಬಿ ತೂಗಿ. ಖಾಲಿ ತೂಕ ಕಳೆಯಿರಿ. ಉಳಿದಷ್ಟು ಗ್ರಾಂ ಎಂದರೆ ಅಷ್ಟೇ ಎಂಎಲ್. ಅದು ನಿಮ್ಮ ಪಾತ್ರೆಯ ನಿಜವಾದ ಅಳತೆ.
3. ಪಾತ್ರೆ ಒರೆಸಿ, ಒಣಗಿಸಿ, ನಿಮಗೆ ಬೇಕಾದ ಕಾಳನ್ನು ನೀವು ದಿನಾ ಅಳೆಯುವ ರೀತಿಯಲ್ಲೇ ತುಂಬಿ ತೂಗಿ. ಗೋಪುರ ಕಟ್ಟುವವರು ಗೋಪುರ ಕಟ್ಟಿ, ಸವರುವವರು ಸವರಿ.
4. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಬಂದ ಸಂಖ್ಯೆ ನಿಮ್ಮ ಸೇರಿನದು, ಆ ಕಾಳಿನದು. ಪಕ್ಕದ ಮನೆಯ ಸೇರಿಗೆ ಅದು ಹೊಂದಬೇಕೆಂದೇನೂ ಇಲ್ಲ.

ಇನ್ನು ಅಂಗಡಿ ವ್ಯಾಪಾರಕ್ಕೆ ಸೇರು, ಪಾವು ಈಗ ಕಾನೂನಿನ ಅಳತೆಗಳಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ದರ ಹೇಳಬೇಕಾದ್ದು ಕೆಜಿ, ಲೀಟರ್, ಮೀಟರ್ ಅಥವಾ ಎಣಿಕೆಯಲ್ಲಿ. ತೂಕ, ಅಳತೆಯಲ್ಲಿ ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಗೆ ಆ ಹದಿನೆಂಟೂವರೆ ಕೆಜಿ

ನಮ್ಮ ಓದುಗರಿಗೂ ಇದೇ ಐದು ನಿಮಿಷದ ಕೆಲಸ ಹೇಳಿದೆವು. ಊರಿಗೆ ಹೋಗಿಬಂದವರ ಕೈಯಲ್ಲಿ ಭಾವನವರು ಅಳೆದ ಸೇರನ್ನೇ ತರಿಸಿಕೊಂಡರು. ಖಾಲಿ ಸೇರು 320 ಗ್ರಾಂ. ನೀರು ತುಂಬಿದಾಗ 1,320. ಅಂದರೆ ಸರಿಯಾಗಿ ಒಂದು ಲೀಟರಿನ ಸೇರು. ಅದೇ ಜೋಳ ಸವರಿ ತುಂಬಿದರೆ ಕಾಳಿನ ತೂಕ 750 ಗ್ರಾಂ, ಗೋಪುರ ಕಟ್ಟಿದರೆ 820 ಗ್ರಾಂ.

ನೂರು ಸೇರು ಸವರಿ ಅಳೆದಿದ್ದರೆ ಗಿರಣಿಯಲ್ಲಿ 75 ಕೆಜಿ ಬರಬೇಕಿತ್ತು. ಬಂದದ್ದು 81 ಕೆಜಿ 500 ಗ್ರಾಂ. ಅಂದರೆ ಅಣ್ಣ ತಮ್ಮನಿಗೆ ಪ್ರತಿ ಸೇರನ್ನೂ ಗೋಪುರ ಕಟ್ಟಿಯೇ ಅಳೆದಿದ್ದಾರೆ. ಕಡಿಮೆ ಕೊಡುವುದು ಅತ್ತ ಇರಲಿ, ಆರೂವರೆ ಕೆಜಿ ಹೆಚ್ಚೇ ಕೊಟ್ಟಿದ್ದಾರೆ. ಕಳೆದುಹೋದ ಹದಿನೆಂಟೂವರೆ ಕೆಜಿ ಜೋಳ ಇದ್ದದ್ದು ಫಾರ್ವರ್ಡ್‌ನಲ್ಲಿ ಮಾತ್ರ.

ಎರಡು ದಿನದ ಮೇಲೆ ಅವರಿಂದ ಇನ್ನೊಂದು ವಾಯ್ಸ್ ಮೆಸೇಜ್ ಬಂತು: "ನಮ್ಮನಿಯವರು ಅಣ್ಣಗ ಫೋನ್ ಹಚ್ಚಿದ್ರು ನೋಡ್ರೀ. ಲೆಕ್ಕದ ಮಾತು ಏನೂ ಎತ್ತಲಿಲ್ಲ, ರೊಟ್ಟಿ ಚಲೋ ಆಗ್ಯಾವು ಅಂತ ಅಷ್ಟ ಹೇಳಿದ್ರು."

ನಮ್ಮ ತೀರ್ಪು: "1 ಸೇರು = 1 ಕೆಜಿ = 1 ಲೀಟರ್" ಎಂಬುದು ತಪ್ಪು. ತೂಕದ ಪ್ರಮಾಣಿತ ಸೇರು 933 ಗ್ರಾಂ. ಅಳೆಯುವ ಸೇರು ಊರಿಗೊಂದು, ಅದರಲ್ಲಿ ಹಿಡಿಯುವ ತೂಕ ಕಾಳಿಗೊಂದು. "1 ತೊಲ = 10 ಗ್ರಾಂ" ಇಂದಿನ ವಾಡಿಕೆ ಮಾತ್ರ, ಹಳೆಯ ತೊಲ 11.66 ಗ್ರಾಂ. "40 ಸೇರು = 1 ಮಣ" ಲೆಕ್ಕ ಸರಿ, ಆದರೆ ಯಾವ ಸೇರು ಎಂದು ಕೇಳಬೇಕು. ಆ ಪಟ್ಟಿ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಅದರ ಕೆಳಗೆ ಇದನ್ನೂ ಹಂಚಿ. ಯಾವ ಮನೆಯಲ್ಲಿ ಯಾರು ಯಾರಿಗೆ ಫೋನ್ ಮಾಡುವುದು ಬಿಟ್ಟಿದ್ದಾರೋ ಗೊತ್ತಿಲ್ಲ.